ಕಚ್ಚಾ ಹೊಲಿಗೆಯ ಕಥೆ

ಮುಚ್ಚಿದ ಬಾಗಿಲಿನ ಆಚೆ ಮೊಮ್ಮಗಳು ಯಾರೊಂದಿಗೋ ಮಾತನಾಡುತ್ತಿದ್ದಳು. ಒಂದೆರಡು ಸಾಲು ಹೇಳುವುದು, ಉತ್ತರಕ್ಕೆ ಕಾಯುವವಳಂತೆ ಸುಮ್ಮನಾಗುವುದು, ಮತ್ತೆ ಹೇಳುವುದು. ನಿವೃತ್ತ ಮೇಷ್ಟ್ರು ಕಿವಿಗೊಟ್ಟು ನಿಂತರು. ಅದು ತೀರಿಕೊಂಡ ಹೆಂಡತಿಯ ಹೊಲಿಗೆ ಕೋಣೆ. ಅವಳು ಹೋದ ಮೇಲೆ ಅವರು ಆ ಹೊಸ್ತಿಲು ದಾಟಿರಲಿಲ್ಲ.

ಅವರ ಕೈಯಲ್ಲಿ ಮೊಮ್ಮಗಳ ಕಥೆಯಿತ್ತು. ಐದನೆಯ ತರಗತಿಯ ಮಕ್ಕಳು ಬರೆದದ್ದರಲ್ಲಿ ಇದನ್ನೇ ಆರಿಸಿ, ನಾಳೆ ಇಡೀ ಶಾಲೆಯ ಮುಂದೆ ಅವಳಿಂದ ಓದಿಸುವುದಾಗಿ ಟೀಚರ್ ಹೇಳಿದ್ದರು. ಮೇಷ್ಟ್ರಿಗೆ ಮೊದಲು ಹಿಗ್ಗಾಯಿತು. ಕನ್ನಡಕ ಏರಿಸಿ ನೋಡಿದ ಮೇಲೆ ತಲೆಯೊಳಗೆ ಸಂಶಯದ ಹುಳ ಹೊಕ್ಕಿತು. ದೂರದೂರಕ್ಕೆ ತೆಳುವಾದ ಸಾಲುಗಳು. ನಡುವಿನ ಜಾಗದಲ್ಲೆಲ್ಲ ಒತ್ತಿ ಬರೆದ ಕಪ್ಪು ಸಾಲುಗಳು. ತೆಳುವಾದದ್ದು ಮಗುವಿನದು, ಕಪ್ಪಾದದ್ದು ಯಾರೋ ದೊಡ್ಡವರು ಹೇಳಿಕೊಟ್ಟದ್ದು. ಇಂಥ ಹಾಳೆಗಳನ್ನು ನೋಡಿ ನೋಡಿಯೇ ಅವರ ತಲೆ ನೆರೆತಿತ್ತು. ವಾಕ್ಯವನ್ನು ಮನಸ್ಸಿನಲ್ಲಿ ಪೂರ್ತಿ ಕಟ್ಟಿಕೊಂಡು ಒಂದೇ ಸಲಕ್ಕೆ ಬರೆಯಬೇಕೆಂಬುದು ಅವರು ಜೀವಮಾನವಿಡೀ ಕಲಿಸಿದ ಪಾಠ.

ಸಂಶಯ ಮೊದಲು ಸೊಸೆಯ ಮೇಲೆ ಹೋಯಿತು.

"ನಾನಾ?" ಸೊಸೆ ಬಟ್ಟೆ ಮಡಿಸುತ್ತಲೇ ನಕ್ಕಳು. "ಅಂಗಡಿ ಚೀಟಿ ಬರೆಯೋಕೇ ನಂಗೆ ಪುರುಸೊತ್ತಿಲ್ಲ ಮಾವ. ಬರೆದ್ರೂ ನಿಮ್ಮ ಮಗನಿಗೆ ಓದೋಕಾಗಲ್ಲ. ಉಪ್ಪು ಅಂದ್ರೆ ಸೋಪು ತರ್ತಾರೆ."

"ಮತ್ತೆ ಆ ಕೋಣೇಲಿ ಯಾರಿದ್ದಾರೆ?"

"ಯಾರಿರ್ತಾರೆ? ಅವಳೊಬ್ಬಳೇ."

ಅವರಿಗೆ ನಂಬಿಕೆ ಬರಲಿಲ್ಲ. ತನ್ನದಲ್ಲದ ಚಪ್ಪಾಳೆ ಮಗುವಿನ ತಲೆಗೆ ಏರದಿರಲಿ ಎಂದು ದೇವರನ್ನು ನೆನೆದು ಟೀಚರಿಗೆ ಫೋನ್ ಮಾಡಿದರು. "ಸಂಜೆಯೊಳಗೆ ಹೇಳ್ತೀನಮ್ಮ. ಅವಳೇ ಬರೆದದ್ದಲ್ಲ ಅಂತಾದ್ರೆ ಹೆಸರು ತೆಗೆದುಬಿಡಿ."

ಆಮೇಲೆ ಬಾಗಿಲು ತಳ್ಳಿ ಹೊಸ್ತಿಲ ಹೊರಗೇ ನಿಂತರು. ಒಳಗೆ ಮಿಷನ್ನು, ಅದರ ಮುಂದೆ ಖಾಲಿ ಸ್ಟೂಲು, ಹೊಸ್ತಿಲ ಹತ್ತಿರ ನೆಲದ ಮೇಲೆ ಹುಡುಗಿ. ಬೇರೆ ಯಾರೂ ಇರಲಿಲ್ಲ.

"ಯಾರ ಹತ್ರ ಮಾತಾಡ್ತಿದ್ದೆ?"

ಅವಳು ಸ್ಟೂಲಿನ ಕಡೆ ನೋಡಿ ತಲೆ ತಗ್ಗಿಸಿದಳು. ಅನುಮಾನ ಇನ್ನಷ್ಟು ಬಲವಾಯಿತು.

"ಸರಿ. ಈ ಮಿಷನ್ ಬಗ್ಗೆ ಬರಿ. ನಾನು ಇಲ್ಲೇ ನಿಂತಿರ್ತೀನಿ."

ಅವಳು ಪೆನ್ಸಿಲನ್ನು ಮೆಲ್ಲಗೆ ಆಡಿಸಿದಳು. ಅವರು ಕೈಚಾಚಿ ಹಾಳೆ ಕಿತ್ತುಕೊಂಡರು. ದೂರದೂರಕ್ಕೆ ಎರಡು ಬಡಕಲು ಸಾಲುಗಳಿದ್ದವು: 'ಅಜ್ಜಿಯ ಮಿಷನ್ ಸುಮ್ಮನಿದೆ. ಅದರ ಮೇಲೆ ಧೂಳಿಲ್ಲ.'

"ಇಷ್ಟೇ ತಾನೆ ನಿನ್ನ ಕೈಲಾಗೋದು?"

"ಅಜ್ಜ, ಕೊಡು. ಅದಿನ್ನೂ ಕಚ್ಚಾ ಹೊಲಿಗೆ."

"ಏನಂದೆ?"

"ಅಜ್ಜಿ ಮೊದ್ಲು ಉದ್ದುದ್ದ ಸಡಿಲ ಹೊಲಿಗೆ ಹಾಕಿ, ತೊಡಿಸಿ ನೋಡಿ, ಆಮೇಲೆ ಬಿಗಿಯಾಗಿ ಹೊಲೀತಿದ್ಲಲ್ಲ. ಕಥೇನೂ ಹಂಗೇ ಬರಿ ಅಂತಿದ್ಲು. ನಾನು ಓದೋದು, ಅವಳು ಮಿಷನ್ ನಿಲ್ಲಿಸಿ ಕೇಳೋದು. ಇಲ್ಲಿ ಸಡಿಲ ಆಯ್ತು ಅನ್ನೋಳು. ಈಗ ಸ್ಟೂಲಿಗೆ ಓದ್ತೀನಿ. ಅದು ಏನೂ ಹೇಳಲ್ಲ."

ಮೇಷ್ಟ್ರು ಹಾಳೆ ಹಿಂದಕ್ಕೆ ಕೊಟ್ಟರು. ಆದರೂ ಅದರಿಂದ ಕಣ್ಣು ಕೀಳಲಿಲ್ಲ. ಅವಳು ತುಟಿಯಲ್ಲೇ ಓದಿಕೊಂಡು, ತಡೆದು, ಖಾಲಿ ಜಾಗದಲ್ಲಿ ಒತ್ತಿ ಒತ್ತಿ ಬರೆದಳು. ಅವರ ಕಣ್ಣೆದುರೇ ಆ ಕಪ್ಪು ಸಾಲುಗಳು ಮೂಡಿದವು.

"ಓದಲಾ?"

"ಓದು."

'ಅಜ್ಜಿಯ ಮಿಷನ್ ಸುಮ್ಮನಿದೆ. ದಾರ ಪೋಣಿಸಿದ ಹಾಗೇ ಇದೆ. ಅದರ ಮೇಲೆ ಧೂಳಿಲ್ಲ. ದಿನಾ ನಾನೇ ಒರೆಸುತ್ತೇನೆ. ಸ್ಟೂಲನ್ನೂ ಒರೆಸುತ್ತೇನೆ. ಅಜ್ಜ ಈ ಕೋಣೆಗೆ ಬರುವುದಿಲ್ಲ. ಬಂದರೆ ಕೂರಲಿ ಎಂದು.'

ಮೇಷ್ಟ್ರು ಬಾಗಿಲ ಚೌಕಟ್ಟು ಹಿಡಿದುಕೊಂಡರು. ಹೊಸ್ತಿಲು ದಾಟಿ ಬಂದು ಸ್ಟೂಲಿನ ಮೇಲೆ ಕುಳಿತರು. ಮೊಣಕಾಲು ಮಿಷನ್ನಿಗೆ ತಾಗಿತು.

"ಒಂದು ಕಡೆ ಸಡಿಲ ಇದೆ," ಎಂದರು.

"ಎಲ್ಲಿ?"

"'ಬರುವುದಿಲ್ಲ' ಅಂದೆಯಲ್ಲ, ಅಲ್ಲಿ."

ಹುಡುಗಿ ಅವರನ್ನೊಮ್ಮೆ ನೋಡಿ ರಬ್ಬರ್ ಹುಡುಕಿದಳು. "ಬಿಚ್ಚಿ ಹೊಲೀತೀನಿ," ಎಂದಳು.

ಹೊರಗೆ ಫೋನ್ ಹೊಡೆದುಕೊಂಡಿತು. ಸೊಸೆ ಅದನ್ನು ತಂದು ಬಾಗಿಲಲ್ಲೇ ನಿಂತಳು. ಮಾವ ಎಲ್ಲಿ ಕುಳಿತಿದ್ದಾರೆಂದು ಎರಡೆರಡು ಸಲ ನೋಡಿ, "ಟೀಚರ್ದು," ಎಂದಳು.

ಮೇಷ್ಟ್ರೇ ಫೋನಿಗೆ ಕೈ ಚಾಚಿದರು. "ಹೆಸರು ಇರಲಿ ಟೀಚರ್. ಅವಳದ್ದೇ," ಎಂದರು.