ಉಪ್ಪಿಲ್ಲದ ಎರಡು ದಿನ

ಸುಷ್ಮಿತಾಗೆ ಹೊಟ್ಟೆಕಿಚ್ಚು. ಮುಚ್ಚುಮರೆ ಯಾಕೆ, ಮೊದಲೇ ಹೇಳಿಬಿಡೋಣ. ಅದೂ ಯಾರ ಮೇಲೆ? ಪಿಪೆಟ್ ಹಿಡಿಯುವುದನ್ನು ತಾನೇ ಕೈ ಹಿಡಿದು ಕಲಿಸಿದ ಲಾಸ್ಯಳ ಮೇಲೆ!

ಮೈಸೂರಿನ ಆ ಲ್ಯಾಬಿನಲ್ಲಿ ಇಬ್ಬರೂ ಪಿಎಚ್‌ಡಿ ಮಾಡುತ್ತಿದ್ದರು. ಬ್ಯಾಕ್ಟೀರಿಯಾಕ್ಕೆ ಉಪ್ಪಿನ ಸಾರು ಉಣ್ಣಿಸುವುದು ಇಬ್ಬರ ಕೆಲಸ. ದಿನವೂ ಹಳೆಯ ಫ್ಲಾಸ್ಕಿನಿಂದ ಒಂದು ಹನಿ ತೆಗೆದು ಹೊಸ ಸಾರಿಗೆ ಬಿಡಬೇಕು, ಆಗಾಗ ಉಪ್ಪನ್ನು ಚೂರು ಏರಿಸಬೇಕು. ತಾಳಲಾರದವು ಸಾಯುತ್ತವೆ, ತಾಳಿದವು ಸಂತಾನ ಬೆಳೆಸುತ್ತವೆ. ಐದು ವರ್ಷದಿಂದ ಒದ್ದಾಡಿದರೂ ಸುಷ್ಮಿತಾಳವು ಆರು ಪರ್ಸೆಂಟಿಗೇ ಸುಸ್ತಾಗಿದ್ದವು. ಮೊನ್ನೆ ಮೊನ್ನೆ ಬೋಗಾದಿಯಲ್ಲಿ ರೂಮು ಹಿಡಿದು ಬಂದ ಈ ಲಾಸ್ಯಳವು ಹತ್ತು ಪರ್ಸೆಂಟಿನಲ್ಲೂ ಮಜ್ಜಿಗೆಯ ಹಾಗೆ ಮಬ್ಬಾಗಿ ಬೆಳೆದಿದ್ದವು. ಸೋಮವಾರ ಗೈಡ್ ಮೃತ್ಯುಂಜಯ ಸರ್ ಇಬ್ಬರ ಫ್ಲಾಸ್ಕನ್ನೂ ಹತ್ತು ಪರ್ಸೆಂಟ್ ಉಪ್ಪಿನ ಪರೀಕ್ಷೆಗೆ ಹಾಕಿ, ಗೆದ್ದದ್ದನ್ನು ಮಾತ್ರ ಜೀನ್ ಓದಿಸಲು ಕಳಿಸುವವರಿದ್ದರು. ಅದಿಲ್ಲದೆ ಸುಷ್ಮಿತಾಳ ಥೀಸಿಸ್ ಈ ವರ್ಷವೂ ಮುಗಿಯುವುದಿಲ್ಲ.

ಶುಕ್ರವಾರ ಲಾಸ್ಯ ಬಂದು ಗೋಗರೆದಳು. "ಅಕ್ಕಾ, ಹಾಸನದಲ್ಲಿ ಚಿಕ್ಕಮ್ಮನ ಮಗಳ ಮದ್ವೆ. ಶನಿವಾರ, ಭಾನುವಾರ ನನ್ನ ಫ್ಲಾಸ್ಕ್ ನೋಡ್ಕೊಬುಡಿ. ನಿಮ್ಮನ್ನ ಬಿಟ್ರೆ ನಂಗೆ ಯಾರ ಮೇಲೂ ನಂಬ್ಕೆ ಇಲ್ಲ."

"ಅಯ್ಯೋ, ಅದಕ್ಕೇನಂತೆ, ಹೋಗ್ಬಾ," ಎಂದಳು ಸುಷ್ಮಿತಾ. ಬಾಯಲ್ಲಿ ಬೆಲ್ಲ, ಕರುಳಲ್ಲಿ ಕತ್ತರಿ.

ಎರಡು ದಿನವೂ ಲಾಸ್ಯಳ ಹನಿಯನ್ನು ಉಪ್ಪೇ ಇಲ್ಲದ ಸಪ್ಪೆ ಸಾರಿಗೆ ಬಿಟ್ಟಳು. ಸುಖ ಉಂಡ ಮೈ ಕಷ್ಟ ಮರೆಯಲಿ, ಸೋಮವಾರ ಉಪ್ಪಿಗೆ ಬಿದ್ದ ಕೂಡಲೇ ಸಾಯಲಿ ಎಂದು. ಆದರೆ ಅವಳ ದಡ್ಡತನ ನೋಡಿ! ಕೆಲಸ ಮುಗಿದ ಮೇಲೆ ಲ್ಯಾಬಿನ ಪುಸ್ತಕ ಎಳೆದುಕೊಂಡು 'ಉಪ್ಪು: ಸೊನ್ನೆ' ಎಂದು ಬರೆದು ಸಹಿ ಹಾಕಿದಳು, ಎರಡು ದಿನವೂ. ಹಾಕಿದ್ದನ್ನು ಹಾಕಿದ ಹಾಗೇ ಬರೆದು ಬರೆದು, ಆ ಪುಸ್ತಕದಲ್ಲಿ ಸುಳ್ಳು ಬರೆಯುವುದು ಅವಳ ಕೈಗೆ ಗೊತ್ತಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಸರ್ ಆ ಪುಸ್ತಕ ಹಿಡಿದೇ ಬಂದರು. ಸುಷ್ಮಿತಾ ಸರಕ್ಕನೆ ಎದ್ದು ನಿಂತಳು. ಉಪ್ಪು ತಿಂದವರು ನೀರು ಕುಡಿಯಲೇಬೇಕಲ್ಲ.

"ಏನಮ್ಮಾ, ಎರಡು ದಿನ ಇವಕ್ಕೆ ಉಪ್ಪೇ ಕೊಟ್ಟಿಲ್ಲ! ಆದ್ರೂ ನೋಡು, ಮತ್ತೆ ಹತ್ತು ಪರ್ಸೆಂಟಿಗೆ ಹಾಕಿದ್ರೆ ಹೆಂಗೆ ಎದ್ದು ನಿಂತಿವೆ. ಇದು ಬರೀ ರೂಢಿ ಅಲ್ಲ ಕಣಮ್ಮ, ಜೀನಿಗೇ ಇಳಿದುಬುಟ್ಟಿದೆ. ಉಪ್ಪು ಬಿಡಿಸಿ ನೋಡೋ ಈ ಪರೀಕ್ಷೆ ಮುಂದಿನ ತಿಂಗಳು ಮಾಡೋಣ ಅಂತಿದ್ದೆ, ನೀನೇ ಮುಗಿಸ್ಬುಟ್ಟೆ. ಭೇಷ್!"

ಲಾಸ್ಯಳ ಫ್ಲಾಸ್ಕೇ ಗೆದ್ದಿತು. ಸರ್ ಅತ್ತ ಹೋದರೋ ಇಲ್ಲವೋ, ಲಾಸ್ಯ ಓಡಿ ಬಂದು ತಬ್ಬಿಕೊಂಡಳು. "ನನಗೋಸ್ಕರ ಇಷ್ಟೆಲ್ಲ ಯೋಚ್ನೆ ಮಾಡಿದ್ರಾ ಅಕ್ಕಾ? ಪೇಪರ್‌ನಲ್ಲಿ ನಿಮ್ಮ ಹೆಸ್ರೇ ಮೊದ್ಲು ಹಾಕಿ ಅಂತ ಸರ್‌ಗೆ ಹೇಳ್ತೀನಿ."

ಒಂದು 'ಹೂಂ' ಅಂದಿದ್ದರೆ ಸಾಕಿತ್ತು, ಆ ಪೇಪರಿನ ಬಲದಲ್ಲೇ ಥೀಸಿಸ್ ಮುಗಿಯುತ್ತಿತ್ತು. ಆದರೆ ಈ ಹುಡುಗಿ ಒಳ್ಳೆಯತನದಲ್ಲೂ ತನಗಿಂತ ಒಂದು ಕೈ ಮೇಲೇ ಆಗಬೇಕೇ? ಸುಷ್ಮಿತಾಗೆ ಅದನ್ನು ಸಹಿಸಲು ಆಗಲಿಲ್ಲ.

"ನಿನ್ನವು ಸಾಯ್ಲಿ ಅಂತ ಸಪ್ಪೆ ಸಾರಿಗೆ ಹಾಕ್ದೆ ಕಣೇ," ಎಂದಳು.

ತಬ್ಬಿದ್ದ ಕೈಗಳು ಮೆಲ್ಲಗೆ ಸಡಿಲವಾದವು.