ಬಲ ಹೆಗಲಿನ ಪಿನ್ನು

ಹೊದ್ದ ಕಂಬಳಿಗೆ ಪಿನ್ನು ಎಲ್ಲಿ ಚುಚ್ಚಬೇಕು ಎಂಬುದು ಮನುಕುಲ ಹಗುರವಾಗಿ ತೆಗೆದುಕೊಳ್ಳಬಾರದ ವಿಷಯ. ಇದಕ್ಕಿಂತ ಸಣ್ಣ ಕಾರಣಕ್ಕೆ ರಾಜ್ಯಗಳು ಮುಳುಗಿವೆ. ನಮ್ಮ ಬೆಟ್ಟಗಳಲ್ಲಿ ಗಂಡಸು ಬಲ ಹೆಗಲ ಮೇಲೆ ಚುಚ್ಚುತ್ತಾನೆ, ಹೆಂಗಸು ಎದೆಯ ನಡುವೆ. ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ. ಕಲಿಸಬೇಕಾಗಿ ಬಂದರೆ ಅಂಥವರ ಮನೆತನದ ಬಗ್ಗೆಯೇ ಮಾತು ಏಳುತ್ತದೆ. ನನಗೆ ತಿಳಿದಂತೆ ಈ ಕಟ್ಟಳೆಯನ್ನು ಹಾಡಹಗಲೇ, ಊರೆಲ್ಲ ನೋಡುತ್ತಿರುವಾಗ ಮುರಿದವಳು ಲಿಪುವೊ ಒಬ್ಬಳೇ. ಅದಕ್ಕೆ ಕಾರಣ ಒಂದು ಕುದುರೆ.

ಹೊಳೆಯ ಈಚೆ ಇರುವ ಆಸ್ಪತ್ರೆಯಿಂದ ಆಚೆಯ ಬೆಟ್ಟದ ಮೂರು ಊರುಗಳಿಗೆ ಪ್ರತಿ ಗುರುವಾರ ಔಷಧದ ಪೆಟ್ಟಿಗೆ ಒಯ್ಯುವುದು ಲಿಪುವೊಳ ಕೆಲಸ. ಅಲ್ಲಿಗೆ ರಸ್ತೆಯಿಲ್ಲ. ಅವಳ ಮುದಿ ಹೆಣ್ಣುಗುದುರೆ ಬೇಸಿಗೆಯಲ್ಲಿ ಸತ್ತ ಮೇಲೆ ನಾಲ್ಕು ತಿಂಗಳು ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ನಡೆದಳು. ಹಿಮ ಬಿದ್ದರೆ ಅದು ಆಗದ ಮಾತು. ಆಸ್ಪತ್ರೆಯ ಸಿಸ್ಟರ್ ಖೌಹೆಲೊ ಒಳ್ಳೆಯವರು. ಒಳ್ಳೆಯವರು ಹೇಳುವ ರೀತಿಯಲ್ಲೇ ಹೇಳಿದರು.

"ಗುರುವಾರ ಕುದುರೆ ತಗೊಂಡು ಹೊಳೆ ಹತ್ರ ಬಾ. ಪೆಟ್ಟಿಗೆ ಕಟ್ಟಿ ಆಚೆ ದಡಕ್ಕೆ ಹೋಗಿ ವಾಪಸ್ ಬಂದು ತೋರಿಸು. ಒಂದು ಸೀಸೆ ಒಡೆದ್ರೂ ನಂಗೆ ಬೇರೆ ದಾರಿಯಿಲ್ಲ ಕಣಮ್ಮ. ಕೆಳಗಿನೂರಿನವನ ಹೇಸರಗತ್ತೆ ಸಿದ್ಧವಾಗಿದೆ."

ಕೆಲಸ ಹೋದರೆ ಲಿಪುವೊಗೆ ಉಳಿಯುವುದು ತಗ್ಗುನಾಡಿನ ಬಟ್ಟೆ ಕಾರ್ಖಾನೆ. ಅವಳ ಅಕ್ಕ ಅಲ್ಲಿಗೆ ಹೋಗಿ ಆರು ವರ್ಷವಾಯಿತು. ಬಂದಾಗಲೆಲ್ಲ ತನ್ನ ಮಕ್ಕಳಿಗೆ ತನ್ನ ಪರಿಚಯ ಹೇಳಿಕೊಳ್ಳಬೇಕಾಗುತ್ತದೆ. ಲಿಪುವೊಗೂ ನಾಲ್ಕು ವರ್ಷದ ಮಗಳಿದ್ದಳು.

ಇದ್ದ ಕುದುರೆಯೆಂದರೆ ಸತ್ತದ್ದರ ಮರಿ: ಮೂರು ವರ್ಷದ, ಬೂದು ಬಣ್ಣದ ಗಂಡು, ಹೆಸರು ಮೊಹೊದಿ. ಅದನ್ನು ಪಳಗಿಸಿದವನು ಅವಳ ಸೋದರಮಾವ ಕೊಟೆಲೊ. ಐವತ್ತು ವರ್ಷಗಳಿಂದ ಕುದುರೆ ಪಳಗಿಸುತ್ತಿದ್ದ ಅವನು, ಕುದುರೆಗಳ ಬಗ್ಗೆ ತನಗೆ ಗೊತ್ತಿಲ್ಲದ್ದೇನಾದರೂ ಇದ್ದರೆ ಅದು ಕುದುರೆಗಳಿಗೂ ಗೊತ್ತಿರಲಾರದು ಎಂದು ನಂಬಿದ್ದ. ಅವನು ಹತ್ತಿದರೆ ಮೊಹೊದಿ ಕಲ್ಲುಮೂಟೆ ಹೊತ್ತು ಮೇಕೆಮರಿಯ ಹಾಗೆ ಹೊಳೆ ದಾಟುತ್ತಿತ್ತು. ಲಿಪುವೊ ಹತ್ತಹೋದರೆ ಕಿವಿಗಳು ಕುತ್ತಿಗೆಗೆ ಒರಗಿ, ಬಾಲ ತೊಡೆಗಳ ನಡುವೆ ಸಿಕ್ಕಿ, ಕಣ್ಣಿನ ಬಿಳಿ ಕಾಣಿಸಿಕೊಳ್ಳುತ್ತಿತ್ತು. ಆರು ದಿನಗಳಲ್ಲಿ ಮೂರು ಸಲ ಬಿದ್ದಳು.

"ಅದು ಗಂಡಸರ ಕುದುರೆ ಕಣೇ," ಎಂದಳು ಪಕ್ಕದ ಮನೆಯ ಮಾಸೆಲೊಮೊ, ಮುಸುಕಿನ ಜೋಳ ಬಿಡಿಸುತ್ತ. "ನನ್ನ ಗಂಡನೂ ಹಂಗೇ ಇದ್ದ. ಹೆಂಗಸರ ಮಾತು ಕಿವಿಗೇ ಬೀಳ್ತಿರಲಿಲ್ಲ."

"ಹೆದರಿಕೆ ವಾಸನೆ ಹೊಡೀತದೆ ನಿನ್ನ ಹತ್ರ," ಎಂದ ಕೊಟೆಲೊ. "ಅದರ ಮೂಗು ಏನು ಅಲಂಕಾರಕ್ಕಿದೆಯಾ?"

"ನಿಮ್ಮ ಹತ್ರ ಹೊಡೆಯಲ್ವಾ ಮಾವ?"

"ನನ್ನ ತಂಬಾಕಿನ ಮುಂದೆ ಯಾವ ವಾಸನೆಯೂ ನಿಲ್ಲಲ್ಲ."

ಕಂಬಳಿ ಬಿಚ್ಚಿಟ್ಟೂ ನೋಡಿದಳು. ಹುಟ್ಟಿದಾಗಿನಿಂದ ಕಂಬಳಿ ಹೊದ್ದ ಮನುಷ್ಯರನ್ನಷ್ಟೇ ಕಂಡಿದ್ದ ಮೊಹೊದಿ, ಸುಲಿದ ಈ ಹೊಸ ಪ್ರಾಣಿಯನ್ನು ನೋಡಿ ದೊಡ್ಡಿಯ ಕಲ್ಲುಗೋಡೆಗೆ ಬೆನ್ನು ಹಚ್ಚಿ ಬುಸುಗುಟ್ಟಿತು.

ಬುಧವಾರ ಲಿಪುವೊ ಹತ್ತುವ ಗೋಜಿಗೇ ಹೋಗಲಿಲ್ಲ. ದೊಡ್ಡಿಯ ಗೋಡೆಯ ಮೇಲೆ ಕುಳಿತು, ಮಾವ ಹತ್ತಿ ಇಳಿಯುವುದನ್ನು ಬೆಳಗಿನಿಂದ ಮಧ್ಯಾಹ್ನದವರೆಗೆ ನೋಡಿದಳು. ಅವನನ್ನಲ್ಲ, ಕುದುರೆಯ ಎಡಗಿವಿಯನ್ನು. ಮಾವ ಹತ್ತಿರ ಬಂದಾಗ ಆ ಕಿವಿ ಅವನತ್ತ ತಿರುಗಿ, ಮತ್ತೆ ಸಡಿಲವಾಗುತ್ತಿತ್ತು. ಆಮೇಲೆ ತಾನೇ ಹೋಗಿ ಪಕ್ಕದಲ್ಲಿ ನಿಂತು, ಹತ್ತುವವಳಂತೆ ಕೈಗಳನ್ನು ಎತ್ತಿದಳು. ಕಿವಿ ಒರಗಿತು. ಆದರೆ ಕಣ್ಣು ಅವಳ ಮುಖದ ಮೇಲಿರಲಿಲ್ಲ, ಕೈಯ ಮೇಲೂ ಇರಲಿಲ್ಲ. ಅವಳ ಮೊಣಕೈ ಕೆಳಗೆ ಅಗಲವಾಗಿ ತೆರೆದುಕೊಂಡ ಕಂಬಳಿಯ ಅಂಚಿನ ಮೇಲಿತ್ತು.

ಕೈ ಇಳಿಸಿದಳು. ಅಂಚು ಮುಚ್ಚಿತು. ಕಿವಿ ನಿಧಾನವಾಗಿ ಎದ್ದಿತು. ಮತ್ತೆ ಎತ್ತಿದಳು. ಒರಗಿತು.

"ಮಾವ, ನೀವು ಹತ್ತುವಾಗ ಬಾಲದ ಕಡೆ ಮುಖ ಮಾಡ್ತೀರಿ, ಎಡಮೈ ಕುದುರೆಗೆ ಕೊಡ್ತೀರಿ. ನಿಮ್ಮ ಕಂಬಳಿ ಬಾಯಿ ಬಲಕ್ಕಿದೆ. ಅದಕ್ಕೆ ಕಾಣೋದು ಬರೀ ಗೋಡೆ. ನನ್ನದು ಎದೆಯ ಹತ್ರ ಬಾಯಿ ಬಿಡುತ್ತೆ. ರಣಹದ್ದು ರೆಕ್ಕೆ ಬಿಚ್ಚಿದ ಹಂಗೆ ಕಾಣ್ತದೆ ಅದಕ್ಕೆ. ಬೇಕಾದ್ರೆ ನಿಮ್ಮ ಪಿನ್ನು ತೆಗೆದು ಎದೆಗೆ ಹಾಕ್ಕೊಂಡು ಹತ್ತಿ ನೋಡಿ."

ಕೊಟೆಲೊ ಸುತ್ತ ನೋಡಿದ. ಮಾಸೆಲೊಮೊ ಜೋಳ ಬಿಡಿಸುವುದನ್ನು ನಿಲ್ಲಿಸಿದ್ದಳು.

"ಈ ವಯಸ್ಸಲ್ಲಿ ನನ್ನ ಹೆಂಗಸು ಮಾಡ್ತೀಯಾ?"

"ಹಾಗಾದ್ರೆ ಪಿನ್ನು ಕೊಡಿ, ನಾನೇ ಗಂಡಸಾಗ್ತೀನಿ. ರೆಕ್ಕೆ ಅಭ್ಯಾಸ ಮಾಡಿಸೋಕೆ ತಿಂಗಳು ಬೇಕು, ಇರೋದು ಒಂದು ರಾತ್ರಿ."

ಗುರುವಾರ ಬೆಳಿಗ್ಗೆ ಹೊಳೆಯ ದಡದಲ್ಲಿ ಊರಿಗೆ ಊರೇ ನೆರೆದಿತ್ತು. ಔಷಧದ ಪೆಟ್ಟಿಗೆ ನೋಡಲು ಇಷ್ಟು ಜನ ಎಂದೂ ಬಂದದ್ದಿಲ್ಲ. ಬಲ ಹೆಗಲ ಮೇಲೆ ಮಾವನ ದೊಡ್ಡ ಪಿನ್ನು ಚುಚ್ಚಿಕೊಂಡು ಲಿಪುವೊ ಬಂದಾಗ ಯಾರೋ ಕೇಕೆ ಹಾಕಿದರು.

"ನಮಸ್ಕಾರ ಯಜಮಾನರೇ! ದನ ಎಷ್ಟಿವೆ?"

ಅವಳು ತಿರುಗಿ ನೋಡಲಿಲ್ಲ. ಸಿಸ್ಟರ್ ಪೆಟ್ಟಿಗೆಯನ್ನು ಜೀನಿನ ಹಿಂದೆ ತಾವೇ ಕಟ್ಟಿ, ಹಗ್ಗ ಎಳೆದು ನೋಡಿದರು. ಪಿನ್ನನ್ನೂ ನೋಡಿದರು. ಲಿಪುವೊ ಬಾಲದ ಕಡೆ ಮುಖ ಮಾಡಿ, ಎಡಮೈ ಕೊಟ್ಟು, ಹತ್ತಿದಳು. ಕಿವಿ ತಿರುಗಿತು, ಸಡಿಲವಾಯಿತು.

ಆಚೆ ದಡ ಸುಲಭವಾಗಿ ಸಿಕ್ಕಿತು. ಅಷ್ಟಕ್ಕೇ ಜನರಿಗೆ ಬೇಸರವಾಗಿ ಇಬ್ಬರು ಮನೆಯ ಕಡೆ ಹೊರಟಿದ್ದರು.

ವಾಪಸು ಬರುವಾಗ, ನಡು ಹೊಳೆಯಲ್ಲಿ, ಕಣಿವೆಯಿಂದ ಗಾಳಿ ಇಳಿಯಿತು. ಪಿನ್ನು ಐವತ್ತು ವರ್ಷದ ಹಳೆಯದು. ಸದ್ದಿಲ್ಲದೆ ಬಿಚ್ಚಿಕೊಂಡು ನೀರಿಗೆ ಬಿತ್ತು. ಕಂಬಳಿಯ ಅಂಚು ಮೇಲೆದ್ದು ಪಟಪಟನೆ ಬಡಿಯಿತು.

ಮೊಹೊದಿ ನಿಂತುಬಿಟ್ಟಿತು. ತೊಡೆಗಳ ಕೆಳಗೆ ಅದರ ಬೆನ್ನು ಬಿಲ್ಲಿನಂತೆ ಏಳುವುದು ಲಿಪುವೊಗೆ ಗೊತ್ತಾಯಿತು. ಅದರ ಉಸಿರು ನಿಂತಿತ್ತು. ಪಕ್ಕೆ ಅಲುಗುತ್ತಿರಲಿಲ್ಲ. ಎರಡೂ ಕಿವಿ ಚಪ್ಪಟೆ. ನೀರು ಹೊಟ್ಟೆ ಸವರುತ್ತ ಹರಿಯುತ್ತಿತ್ತು, ಬೆನ್ನ ಹಿಂದೆ ಸೀಸೆಗಳು ಒಮ್ಮೆ ಕಿಣಿಗುಟ್ಟಿದವು.

"ಹೊಡಿ! ಹಿಮ್ಮಡಿ ಹಾಕು!" ದಡದಿಂದ ಕೊಟೆಲೊ ಕೂಗಿದ. "ಹೊಡಿಯೇ, ಮುಂದೆ ಓಡಿಸು!"

"ಕಂಬಳಿ ಕಿತ್ತು ಬಿಸಾಕೇ!" ಎಂದಳು ಮಾಸೆಲೊಮೊ.

ಕಿತ್ತರೆ ಅದು ಹಾರಿ ಕುದುರೆಯ ತಲೆಯ ಮೇಲೆಯೇ ಬೀಳುತ್ತಿತ್ತು. ಹಿಮ್ಮಡಿ ಹಾಕಿದರೆ ಬಿಗಿದ ಬಿಲ್ಲು ಬಿಡುತ್ತಿತ್ತು. ಲಿಪುವೊ ಎರಡನ್ನೂ ಮಾಡಲಿಲ್ಲ. ಬಡಿಯುತ್ತಿದ್ದ ಅಂಚನ್ನು ಬೆರಳುಗಳಿಂದಲೇ, ಒಂದೊಂದು ಮಡಿಕೆಯಾಗಿ ಒಳಕ್ಕೆ ಎಳೆದುಕೊಂಡು ತೊಡೆಯಡಿ ಒತ್ತಿ ಕುಳಿತಳು. ಆಮೇಲೆ ತಾನೂ ಉಸಿರು ಹಿಡಿದಿದ್ದು ನೆನಪಾಗಿ, ಕುದುರೆಗೆ ಕೇಳುವಷ್ಟು ಉದ್ದಕ್ಕೆ ಬಿಟ್ಟಳು. ಲಗಾಮು ಸಡಿಲಿಸಿದಳು.

ದಡದಲ್ಲಿ ಕೂಗು ನಿಂತಿತು. ಕೊಟೆಲೊನ ಬಾಯಿ ಮಾತ್ರ ತೆರೆದೇ ಇತ್ತು.

ಅವಳು ಎಡಗಿವಿಯನ್ನೇ ನೋಡುತ್ತಿದ್ದಳು. ಅದು ಅಲುಗಲಿಲ್ಲ. ಮತ್ತೊಂದು ಉಸಿರು ಬಿಟ್ಟಳು. ಕುದುರೆಯ ಭುಜದ ಚರ್ಮ ನೊಣ ಕೂತಂತೆ ನಡುಗಿತು. ಮೂರನೆಯ ಉಸಿರಿಗೆ ಎಡಗಿವಿ, ಅದೊಂದೇ, ಎದ್ದು ಹಿಂದಕ್ಕೆ ಅವಳ ಕಡೆ ತಿರುಗಿತು. ಏನು ಎಂದು ಕೇಳುವ ಕಿವಿ.

"ಏನಿಲ್ಲ ಕಣೋ," ಎಂದಳು. "ನಾನೇ."

ಪಕ್ಕೆಗಳು ಒಮ್ಮೆಲೇ ಉಬ್ಬಿ ಇಳಿದವು. ಮೂಗಿನಿಂದ ದೊಡ್ಡ ಉಸಿರು ಹೊರಟಿತು. ತಲೆ ತಗ್ಗಿತು, ದವಡೆ ಏನನ್ನೋ ಅಗಿಯುವಂತೆ ಆಡಿತು. ಆಗ, ಅದಕ್ಕೆ ಮುಂಚೆ ಅಲ್ಲ, ಅವಳು ಮೊಣಕಾಲನ್ನು ತುಸು ಒತ್ತಿದಳು. ಮೊಹೊದಿ ಕಲ್ಲುಗಳ ನಡುವೆ ಒಂದು ಕಾಲಿಟ್ಟಿತು, ಇನ್ನೊಂದು.

ಸಿಸ್ಟರ್ ಪೆಟ್ಟಿಗೆ ತೆರೆದು ಒಂದೊಂದೇ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದರು. ಬಹಳ ಹೊತ್ತು ಹಿಡಿಯಿತು.

"ನಾನು ಹೊಡಿ ಅಂದೆನಲ್ಲ, ಯಾಕೆ ಹೊಡೀಲಿಲ್ಲ?" ಎಂದು ಕೊಟೆಲೊ ತಗ್ಗಿದ ದನಿಯಲ್ಲಿ ಕೇಳಿದ.

"ನೀವು ಈಚೆ ದಡದಲ್ಲಿದ್ರಿ ಮಾವ. ಕಿವಿ ನಂಗೆ ಕಾಣ್ತಿತ್ತು."

ಅವನು ಹರಿಯುವ ನೀರನ್ನು ನೋಡಿದ. "ಒಳ್ಳೆ ಪಿನ್ನು ಅದು," ಎಂದ.

ಸೀಸೆಗಳು ಒಡೆದಿರಲಿಲ್ಲ. ಕೆಲಸ ಲಿಪುವೊಗೇ ಉಳಿಯಿತು.