ಬಲಗಡೆಯ ಕಂಬ

ಡೇಲ್ ಮೂರನೆಯ ಸಲ ಡ್ರಿಲ್ಲಿನ ಮೂತಿಯನ್ನು ಸೀಮೆಸುಣ್ಣದ ಗುರುತಿನ ಮೇಲಿಟ್ಟ. ಮೂರನೆಯ ಸಲವೂ ಗುಂಡಿ ಒತ್ತದೆ ಎತ್ತಿಕೊಂಡ. ಮಂಡಿಯ ಕೆಳಗಿನ ಕಾಂಕ್ರೀಟು ಇನ್ನೂ ತಣ್ಣಗಿತ್ತು. ಹೊರಗೆ ಮಾತ್ರ ಬೆಳಗಿನ ಒಂಬತ್ತಕ್ಕೇ ಮರುಭೂಮಿಯ ಕಡೆಯ ಬಡಗಣ ಗಾಳಿ ಬಿಸಿಯಾಗಿ ಬೀಸುತ್ತಿತ್ತು. ತಗಡಿನ ಮಾಡಿನ ಮೇಲೆ ಗುಲಾಬಿ ಎದೆಯ ಗಿಳಿಗಳು ಕಾಲು ಜಾರಿಸಿಕೊಂಡು ಜಗಳವಾಡುತ್ತಿದ್ದವು.

ಇವತ್ತಿಗೆ ಇಪ್ಪತ್ತೆಂಟು ದಿನ. ಹೊಯ್ದ ಕಾಂಕ್ರೀಟು ಗಟ್ಟಿಯಾಗಲು ಅಷ್ಟು ದಿನ ಬೇಕು, ಅಲ್ಲಿಯವರೆಗೆ ಒಂದು ಮೊಳೆಯನ್ನೂ ತಾಗಿಸಕೂಡದು ಎಂದು ಕ್ಲೆಮ್ ಹೇಳಿದ್ದ. ಕಾಂಕ್ರೀಟಿನ ವಿಷಯದಲ್ಲಿ ಕ್ಲೆಮ್ ಟ್ರೆಂಬಾತ್ ಹೇಳಿದನೆಂದರೆ ವಾಲರೂ ಊರಿನಲ್ಲಿ ಅದಕ್ಕೆ ಎದುರು ಮಾತಿಲ್ಲ. ಫುಟ್‌ಬಾಲ್ ಕ್ಲಬ್ಬಿನ ಮೆಟ್ಟಿಲು, ಚರ್ಚಿನ ಇಳಿಜಾರು, ದೋಣಿ ನಿಲ್ಲುವ ಜೆಟ್ಟಿಯ ಬುಡದಲ್ಲಿ ಮೀನು ಸೀಳುವ ಕಟ್ಟೆ, ಎಲ್ಲದರ ಮೂಲೆಯಲ್ಲೂ ಮೊಳೆಯಿಂದ ಗೀಚಿದ ಅವನ ಹೆಸರಿನ ಎರಡಕ್ಷರ ಇದ್ದೇ ಇರುತ್ತದೆ. ಎಪ್ಪತ್ತಾರು ವಯಸ್ಸು. ಡೇಲ್‌ನ ಹೆಂಡತಿ ಜನೀನಳ ಅಪ್ಪ. ಮಾವನನ್ನೂ ಹೆಸರು ಹಿಡಿದೇ ಕರೆಯುವ ಊರು ಅದು. ಆದರೆ ಈ ಮಾವನ ಕೆಲಸದಲ್ಲಿ ತಪ್ಪು ಹುಡುಕಿದ ಗಂಡಸು ಅಲ್ಲಿ ಇನ್ನೂ ಹುಟ್ಟಿರಲಿಲ್ಲ.

ಈ ಶೆಡ್ಡು ಮೊದಲು ಬಾರ್ಲಿ ಮೂಟೆಗಳ ಗೋದಾಮಾಗಿತ್ತು. ಇಪ್ಪತ್ತೆರಡು ವರ್ಷ ಅಡಿಲೇಡಿನಲ್ಲಿ ಬೇರೆಯವರ ಗ್ಯಾರೇಜುಗಳಲ್ಲಿ ಬೇರೆಯವರ ಹೆಸರಿಗೆ ಕಾರು ಕಟ್ಟಿಕೊಟ್ಟ ಡೇಲ್ ಕೊನೆಗೆ ಇದನ್ನು ಹಿಡಿದಿದ್ದ. ಹಳೆಯ ಕಾರುಗಳನ್ನು ಬಿಚ್ಚಿ, ಮಾಲೀಕ ಕೇಳಿದ ಹಾಗೆ ಹೊಸದಾಗಿ ಕಟ್ಟುವುದು ಅವನ ಕಸುಬು. ಆರು ತಿಂಗಳು ಒಂದೊಂದೇ ಸಾಮಾನು ತಂದು ಜೋಡಿಸಿದ್ದ. ಒಂದು ಗೋಡೆಗೆ ಗಾಳಿ ಕಂಪ್ರೆಸರ್, ಅದರ ಪಕ್ಕ ವೆಲ್ಡಿಂಗ್ ಮೆಷೀನು, ಕಿಟಕಿಯ ಕೆಳಗೆ ತಗಡನ್ನು ಬಾಗಿಸುವ ಆಳೆತ್ತರದ ಚಕ್ರ. ಸ್ಪಾನರುಗಳನ್ನು ನೇತುಹಾಕುವ ಹಲಗೆಯ ಮೇಲೆ ಪ್ರತಿಯೊಂದರ ನೆರಳನ್ನೂ ಬಣ್ಣದಲ್ಲಿ ಬರೆದಿದ್ದ, ಯಾವುದು ಜಾಗದಲ್ಲಿಲ್ಲವೋ ಅದು ಖಾಲಿ ನೆರಳಾಗಿ ಕಾಣಲಿ ಎಂದು. ಅಂಥ ಮನುಷ್ಯ ಅವನು, ಅಚ್ಚುಕಟ್ಟು ಹೆಚ್ಚು, ಪುಕ್ಕಲು ಇನ್ನೂ ಹೆಚ್ಚು.

ಇನ್ನು ಉಳಿದಿದ್ದು ಲಿಫ್ಟ್ ಒಂದೇ. ಮುಚ್ಚಿಹೋದ ಪೆಟ್ರೋಲ್ ಬಂಕಿನಿಂದ ತಂದ, ಕಾರನ್ನು ಆಳೆತ್ತರಕ್ಕೆ ಎತ್ತಿ ಹಿಡಿಯುವ ಎರಡು ಕಂಬಗಳ ಲಿಫ್ಟು. ಒಂದೊಂದು ಕಂಬದ ಬುಡಕ್ಕೂ ಐದೈದು ಬೋಲ್ಟು, ಕಾಂಕ್ರೀಟಿನೊಳಕ್ಕೆ ಐದಿಂಚು ಇಳಿಯಬೇಕು. ಇಳಿಯದಿದ್ದರೆ ಏನಾಗುತ್ತದೆ ಎಂಬುದನ್ನು ಡೇಲ್ ಅಡಿಲೇಡಿನಲ್ಲಿ ಒಮ್ಮೆ ಕಣ್ಣಾರೆ ಕಂಡಿದ್ದ. ಕೆಳಗೆ ಕೆಲಸ ಮಾಡುತ್ತಿದ್ದವನು ಚಹಾ ತರಲು ಎದ್ದು ಹೋಗಿದ್ದ. ಮರಳಿ ಬಂದಾಗ ಅವನು ಕೂತಿದ್ದ ಸ್ಟೂಲು ಕಾರಿನಡಿ ರೊಟ್ಟಿಯಾಗಿತ್ತು. ಆ ಮನುಷ್ಯ ಚಹಾದ ಮಗ್ಗು ಹಿಡಿದುಕೊಂಡೇ ಮನೆಗೆ ನಡೆದುಬಿಟ್ಟಿದ್ದ.

ಕಾಂಕ್ರೀಟು ಹಾಕಿದ್ದು ಒಂದು ಶನಿವಾರ. ಅದಕ್ಕೆ ಕೂಲಿ ಎಂದರೆ ಒಂದು ಪೆಟ್ಟಿಗೆ ಬಿಯರು. ಕಾಸು ಕೊಡಲು ಹೋದರೆ ಆ ಊರಲ್ಲಿ ಮುಖಕ್ಕೆ ಹೊಡೆದ ಹಾಗೆ. ಕ್ಲಬ್ಬಿನಿಂದ ಇಬ್ಬರು ಗುದ್ದಲಿ ಹಿಡಿದು ಬಂದಿದ್ದರು. ನೆಲವೆಲ್ಲ ನಾಲ್ಕಿಂಚು, ಕಂಬ ನಿಲ್ಲುವ ಎರಡು ಕಡೆ ಮಾತ್ರ ಗುಂಡಿ ತೋಡಿ ಎಂಟಿಂಚು. ಕೆಂಪು ಮಣ್ಣು ಬೆರೆತ ಜಲ್ಲಿ ಹರಡುವ ಭರದಲ್ಲಿ ಅವರು ಬಲಗಡೆಯ ಗುಂಡಿಯನ್ನೂ ತುಂಬಿಬಿಟ್ಟರೇನೋ ಎಂದು ತಳ್ಳುಗಾಡಿ ಹಿಡಿದು ನಿಂತಿದ್ದ ಡೇಲ್‌ಗೆ ಅನ್ನಿಸಿತ್ತು. ಕ್ಲೆಮ್, ನೆಲದ ಮಟ್ಟಕ್ಕೆ ಕಟ್ಟಿದ್ದ ದಾರದಿಂದ ಜಲ್ಲಿಗೆ ಅಳತೆಯ ಟೇಪು ಇಳಿಬಿಟ್ಟು, ಮೂಗು ತಾಗುವಷ್ಟು ಬಾಗಿ ನೋಡಿ, “ಎಂಟು. ಹುಯ್ಯಿ,” ಎಂದಿದ್ದ. ಹೊರಗೆ ಲಾರಿಯ ಡ್ರಮ್ಮು ತಿರುಗುತ್ತಿತ್ತು, ಕಾಂಕ್ರೀಟು ಯಾರನ್ನೂ ಕಾಯುವುದಿಲ್ಲ. ಇಬ್ಬರು ನೋಡುತ್ತಿರುವಾಗ ಟ್ರೆಂಬಾತನ ಅಳತೆಯನ್ನು ಅಳಿಯನಾದವನು ಮತ್ತೆ ಅಳೆಯುವುದೇ? ಡೇಲ್ ಬಾಯಿಗೆ ಬೀಗ ಹಾಕಿಕೊಂಡ. ಆ ಬೀಗ ಇಪ್ಪತ್ತೆಂಟು ದಿನವಾದರೂ ತೆಗೆಯಲಾಗಿರಲಿಲ್ಲ. ಪ್ರತಿ ಭಾನುವಾರ ಊಟಕ್ಕೆ ಬಂದ ಮುದುಕ ತಾನು ಹಾಕಿದ ನೆಲವನ್ನು ಹೊಗಳಿಕೊಳ್ಳುತ್ತಿದ್ದರೆ, ಅಳಿಯ ತಟ್ಟೆಯಲ್ಲಿದ್ದ ಮಾಂಸವನ್ನು ಸಣ್ಣಗೆ ಕತ್ತರಿಸುತ್ತಲೇ ಇರುತ್ತಿದ್ದ.

ಎರಡು ವಾರದ ಹಿಂದೆ ಅವನು ಇನ್ನೊಂದು ಕೆಲಸ ಮಾಡಿದ್ದ. ಎರಡೂವರೆ ಇಂಚಿನ ಗಿಡ್ಡ ಬೋಲ್ಟುಗಳ ಒಂದು ಡಬ್ಬಿ ತಂದು ಬೆಂಚಿನ ಡ್ರಾಯರಿನಲ್ಲಿಟ್ಟಿದ್ದ. ಯಾಕೆ ತಂದೆ ಎಂದು ತನ್ನನ್ನೇ ಕೇಳಿಕೊಂಡಿರಲಿಲ್ಲ. ಕೇಳಿಕೊಂಡರೆ ಉತ್ತರ ಕೊಡಬೇಕಾಗುತ್ತಿತ್ತು.

ಗೇಟಿನ ಹತ್ತಿರ ಪ್ಲಾಸ್ಟಿಕ್ಕು ಸೀಳಿದ ಶಬ್ದವಾಯಿತು. ಹನ್ನೊಂದಕ್ಕೆ ಬರುತ್ತೇನೆಂದವನು ಒಂಬತ್ತೂ ಕಾಲಿಗೇ ಬಂದಿದ್ದ. ಕ್ಲೆಮ್‌ನ ಯೂಟು, ಅರವತ್ನಾಲ್ಕರ ಮಾಡಲ್, ಹಿಂದೆ ತೆರೆದ ತೊಟ್ಟಿಯ ತಿಳಿ ಹಸಿರು ಗಾಡಿ, ಕಸದ ಡಬ್ಬಿಯನ್ನು ಮುಂದೆ ತಳ್ಳಿಕೊಂಡು ಒಳಗೆ ಬಂತು. ಹೊಸ ಲಿಫ್ಟಿನ ಮೇಲೆ ಮೊದಲು ಏರುವ ಗಾಡಿ ಅದೇ ಎಂದು ತಿಂಗಳ ಹಿಂದೆಯೇ ತೀರ್ಮಾನವಾಗಿತ್ತು. ಅದರ ಸ್ಟೇರಿಂಗನ್ನು ಕ್ಲೆಮ್ ಬೇರೆ ಯಾರ ಕೈಗೂ ಕೊಟ್ಟವನಲ್ಲ. ಹೆರಿಗೆಗೆ ತವರಿಗೆ ಬಂದಿದ್ದ ಜನೀನಳನ್ನು ಆಸ್ಪತ್ರೆಗೆ ಕರೆದೊಯ್ಯುವಾಗಲೂ ಡೇಲ್ ಹಿಂದಿನ ತೊಟ್ಟಿಯಲ್ಲಿ ಕೂತಿದ್ದ.

“ಡಬ್ಬಿನ ದಾರೀಲಿ ಇಟ್ಟಿದೀಯಲ್ಲೋ, ಪುಣ್ಯಾತ್ಮ,” ಎಂದು ಕ್ಲೆಮ್ ಇಳಿದ.

“ಅದು ಗೋಡೆ ಪಕ್ಕದಲ್ಲೇ ಇತ್ತು, ಕ್ಲೆಮ್.”

“ಗೋಡೆನೂ ದಾರೀಲೇ ಇದೆ, ಬಿಡು.” ಅವನ ನಗು ಶೆಡ್ಡಿನೊಳಗೆ ಅವನಿಗಿಂತ ಮೊದಲು ಬಂತು. “ಏನು, ಪ್ರಾರ್ಥನೆ ಮಾಡ್ತಿದೀಯಾ ಮಂಡಿ ಊರಿ? ಇನ್ನೂ ಒಂದು ತೂತೂ ಹೊಡೆದಿಲ್ಲ?”

ಡೇಲ್ ಎದ್ದು ಕೈ ಒರೆಸಿಕೊಂಡ. ಬೆಳಿಗ್ಗೆ ಹಲ್ಲುಜ್ಜುವಾಗಲೇ ಕಟ್ಟಿಕೊಂಡಿದ್ದ ಸುಳ್ಳನ್ನು ಈಗ ಹೊರಗೆ ತೆಗೆದ. “ನಾನು ಯೋಚನೆ ಮಾಡ್ತಿದ್ದೆ. ಲಿಫ್ಟನ್ನ ಹಿಂದುಗಡೆಗೆ ಹಾಕಿದ್ರೆ ಹೇಗೆ? ಅಲ್ಲಿ ಮಾಡು ಸ್ವಲ್ಪ ಎತ್ತರ ಇದೆ.”

“ಹಿಂದುಗಡೆ ನಾಲ್ಕೇ ಇಂಚು. ಗುಂಡಿ ತೋಡಿರೋದು ಇಲ್ಲಿ.”

“ಅಲ್ಲಿ ಬೇರೆ ಗುಂಡಿ ಮಾಡ್ಕೋಬೋದಿತ್ತು...”

“ಏನೋ ಇದು?” ಕ್ಲೆಮ್ ಹತ್ತಿರ ಬಂದು, ಮುಖವನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸಿ ಅವನನ್ನು ನೋಡಿದ. ಇತ್ತೀಚೆಗೆ ಹಾಗೆ ಓರೆಯಾಗಿ ನೋಡುವುದು ಅವನಿಗೆ ರೂಢಿಯಾಗಿತ್ತು. ಗರ್ವ ಜಾಸ್ತಿಯಾಯಿತು ಎಂದು ಜನೀನ್ ನಗುತ್ತಿದ್ದಳು. “ನನ್ನ ಕೆಲಸದ ಮೇಲೆ ಅನುಮಾನಾನಾ?”

“ಛೆ, ಅದೆಲ್ಲ ಏನಿಲ್ಲ,” ಎಂದ ಡೇಲ್, ಪ್ರಶ್ನೆ ಮುಗಿಯುವ ಮೊದಲೇ. ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುವುದೊಂದು ಬಾಕಿಯಿತ್ತು.

“ಹಂಗಾದ್ರೆ ಹೊಡಿ. ಎಡಗಡೆಯಿಂದ ಶುರು ಮಾಡು.”

ಎಡಗಡೆಯದು ಚೆನ್ನಾಗಿಯೇ ಹೋಯಿತು. ಡ್ರಿಲ್ಲು ಹಲ್ಲು ಕಡಿದುಕೊಂಡು ಇಂಚಿಂಚಾಗಿ ಇಳಿಯಿತು, ಬೂದು ಪುಡಿ ರಾಶಿಯಾಯಿತು. ಐದು ತೂತು, ಐದು ಉದ್ದ ಬೋಲ್ಟು. ಪ್ರತಿ ಬೋಲ್ಟೂ ಬಿಗಿದಾಗ ಕ್ಲೆಮ್ ತಾನೇ ಬಿಗಿದವನಂತೆ ತಲೆಯಾಡಿಸಿದ. “ಕೇಳಿಸ್ಕೊಂಡೆಯಾ ಆ ಶಬ್ದ? ಚರ್ಚಿನ ಗಂಟೆ ಇದ್ದ ಹಾಗೆ. ಇದನ್ನ ಒಡೆಯೋಕೆ ನಿನ್ನ ಮೊಮ್ಮಕ್ಕಳು ಬಾಂಬು ತರಬೇಕು.”

ಡೇಲ್‌ಗೆ ಒಂದು ಕ್ಷಣ ಆಸೆ ಹುಟ್ಟಿತು. ತಾನು ಕಂಡದ್ದೇ ತಪ್ಪಿರಬಹುದು. ದೂರದಿಂದ ನೋಡಿದ್ದು, ಕಣ್ಣಿಗೆ ಬಿಸಿಲು ಬೇರೆ ಹೊಡೆಯುತ್ತಿತ್ತು. ಅವನು ಬಲಗಡೆಗೆ ಬಂದ. ಪಕ್ಕದ ಮೂಲೆಯಲ್ಲಿ ಕ್ಲೆಮ್ ಗೀಚಿದ ಎರಡಕ್ಷರವಿತ್ತು. ಯಾವಾಗಲೂ ಒಂದರ ಪಕ್ಕ ಒಂದು ನಿಲ್ಲುವ ಅಕ್ಷರಗಳು ಇಲ್ಲಿ ಒಂದರ ಮೇಲೊಂದು ಹತ್ತಿ ಕೂತಿದ್ದವು. ಅವತ್ತು ಅದನ್ನು ಅವಸರ ಎಂದುಕೊಂಡಿದ್ದ. ಹುಟ್ಟಿದ ಆಸೆ ಅಲ್ಲೇ ಸತ್ತಿತು.

ಇಲ್ಲಿ ಪೂರ್ತಿ ಆಳಕ್ಕೆ ತೂತು ಹೊಡೆಯದೆಯೂ ಇರಬಹುದಿತ್ತು. ಬಿಯರಿನ ನೆಪ ಹೇಳಿ ಕ್ಲೆಮ್‌ನನ್ನು ಹೊರಗೆ ಕಳಿಸಿ, ಎರಡಿಂಚಿಗೆ ನಿಲ್ಲಿಸಿ, ಗಿಡ್ಡ ಬೋಲ್ಟು ಕೂರಿಸಿದರೆ ಮೇಲೆ ಕಾಣುವ ತಲೆಗಳು ಎರಡೂ ಕಡೆ ಒಂದೇ. ಯೂಟು ಹಗುರ, ಇವತ್ತಿಗೆ ಬೀಳದೆಯೂ ಇದ್ದೀತು. ನಾಳೆ ಅದರ ಕೆಳಗೆ ನಿಲ್ಲುವವನು ತಾನೇ ತಾನೆ? ಹೀಗೆ ಲೆಕ್ಕ ಹಾಕುತ್ತಿದ್ದವನಿಗೆ ಯೂಟು ಮೇಲಿರುವಾಗ ಅದರ ಕೆಳಗೆ ಮೊದಲು ಹೋಗುವವನು ಯಾರು ಎಂದು ಹೊಳೆಯಿತು. ಅರವತ್ತು ವರ್ಷದಿಂದ ತನ್ನ ಗಾಡಿಯ ಹೊಟ್ಟೆಯನ್ನು ನಿಂತು ನೋಡಿರದ ಮುದುಕ. ಅವನನ್ನು ತಡೆಯಲು ಸಾಧ್ಯವೇ ಇಲ್ಲ.

ಡೇಲ್ ಗುಂಡಿ ಒತ್ತಿದ. ಒಂದಿಂಚು. ಎರಡು. ಮೂರಕ್ಕೆ ಸರಿಯಾಗಿ ಡ್ರಿಲ್ಲು ಗಕ್ಕನೆ ಕೆಳಕ್ಕೆ ಜಾರಿತು, ಶಬ್ದ ಮಂಕಾಯಿತು. ಎತ್ತಿದಾಗ ತುದಿಯಲ್ಲಿ ಬೂದು ಪುಡಿಯ ಜೊತೆ ಕೆಂಪು ಮಣ್ಣು ಅಂಟಿತ್ತು.

“ಇನ್ನೊಂದು ಹೊಡಿ,” ಎಂದ ಕ್ಲೆಮ್.

ಇನ್ನೊಂದೂ ಮೂರಕ್ಕೇ ಜಾರಿತು.

“ಮಣ್ಣಿಗೆ ಹೋದ ಶಬ್ದ ಅದು. ಅದನ್ನ ನಂಗೆ ಯಾರೂ ಹೇಳಿಕೊಡಬೇಕಾಗಿಲ್ಲ.” ಕ್ಲೆಮ್‌ನ ದನಿ ಕೆಳಗಿಳಿದಿತ್ತು. “ನೀನು ಅವತ್ತೇ ನೋಡಿದ್ದೆ, ಅಲ್ವಾ?”

“ನೋಡಿದ್ದೆ.”

“ಬಾಯಲ್ಲೇನು ಕಡುಬು ಇಟ್ಕೊಂಡಿದ್ದೆಯಾ?”

“ನೀನು ಎಂಟು ಅಂದೆಯಲ್ಲ, ಕ್ಲೆಮ್. ಎಲ್ಲರೂ ಇದ್ದರು.”

ಕ್ಲೆಮ್ ಹೊರಗೆ ನಡೆದ. ಯೂಟಿನ ಬಾಗಿಲು ತೆರೆದದ್ದು ಕೇಳಿಸಿತು. ಹೋದ, ಇನ್ನು ಈ ಶೆಡ್ಡಿಗೆ ಕಾಲಿಡುವುದಿಲ್ಲ, ಭಾನುವಾರದ ಊಟಕ್ಕೂ ಬರುವುದಿಲ್ಲ ಎಂದುಕೊಂಡ ಡೇಲ್. ಇಪ್ಪತ್ತೆಂಟು ದಿನ ಕಾದದ್ದು ಕಾಂಕ್ರೀಟು ಗಟ್ಟಿಯಾಗಲೆಂದಲ್ಲ, ತನಗೆ ಧೈರ್ಯ ಬರಲೆಂದು, ಅದು ಬರಲೇ ಇಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಇಂಜಿನ್ ಶುರುವಾಗುವುದನ್ನು ಕಾದ. ಆಗಲಿಲ್ಲ.

ಮುದುಕ ಮರಳಿ ಬಂದಾಗ ಒಂದು ಕೈಯಲ್ಲಿ ಸುತ್ತಿಗೆ, ಉಳಿ ಇದ್ದವು, ಇನ್ನೊಂದರಲ್ಲಿ ಟೇಪು. ಬಲಗಡೆಯ ತೂತುಗಳ ಹತ್ತಿರ ಕಷ್ಟಪಟ್ಟು ಕೂತು, ಸೀಮೆಸುಣ್ಣಕ್ಕೆ ಕೈಚಾಚಿದ.

“ಇಲ್ಲಿಂದ ಮೂರಡಿ ಚೌಕ ಕತ್ತರಿಸಿ ತೆಗೀಬೇಕು. ಅಳತೆ ನೀನು ಓದು.”

“ನೀನೇ ಓದು, ಕ್ಲೆಮ್. ನಂಗೆ ಕೋಪ ಏನಿಲ್ಲ.”

“ನಿನ್ನ ಕೋಪ ಯಾರು ಕೇಳಿದ್ರು? ಓದು ಅಂದ್ರೆ ಓದೋ.” ಟೇಪನ್ನು ಅವನ ಎದೆಗೆ ಒತ್ತಿದ. ಆಮೇಲೆ, ನೆಲಕ್ಕೆ ಹೇಳಿದವನ ಹಾಗೆ, “ಮೂರೂ ಎಂಟೂ ನಂಗೆ ಒಂದೇ ಆಗ್ಬಿಟ್ಟಿವೆ. ನಟ್ಟ ನಡುವೆ ಒಂದು ಬೂದು ಮಚ್ಚೆ. ಎಲ್ಲಿ ನೋಡ್ತೀನೋ ಅಲ್ಲೇ ಬಂದು ಕೂರತ್ತೆ. ಸುತ್ತಮುತ್ತ ಎಲ್ಲ ಕಾಣತ್ತೆ. ನೋಡಬೇಕಾದ್ದು ಮಾತ್ರ ಕಾಣಲ್ಲ.”

“ಯಾವಾಗಿಂದ?”

“ಹೋದ ಚಳಿಗಾಲದಿಂದ.”

“ಜನೀನ್‌ಗೆ ಗೊತ್ತಾ?”

“ಗೊತ್ತಾಗಿದ್ರೆ ಕೀ ನನ್ನ ಜೇಬಲ್ಲಿ ಇರ್ತಿತ್ತಾ?”

ಡೇಲ್‌ಗೆ ಗೇಟು ನೆನಪಾಯಿತು, ಕಸದ ಡಬ್ಬಿ ನೆನಪಾಯಿತು. ಶಾಲೆಯ ಮುಂದಿನ ರಸ್ತೆಯಲ್ಲಿ ಈ ಯೂಟು ದಿನಕ್ಕೆ ನಾಲ್ಕು ಸಲ ಓಡಾಡುವುದೂ ನೆನಪಾಯಿತು. ಈ ಸಲ ಬಾಯಿ ಮುಚ್ಚಿಕೊಂಡಿರಲು ಆಗಲಿಲ್ಲ. “ಕ್ಲೆಮ್, ಗಾಡಿ...”

“ಮೊದಲು ಇದನ್ನ ಮುಗಿಸೋಣ.”

ಡೇಲ್ ಓದಿದ, ಕ್ಲೆಮ್ ಗೆರೆ ಎಳೆದ. ಮಧ್ಯಾಹ್ನದವರೆಗೂ ಕಾಂಕ್ರೀಟು ಕೊರೆಯುವ ಗರಗಸ ಅರಚಿತು, ಬೆವರಿನ ಮೇಲೆ ಬೂದು ಪುಡಿ ಕೂತು ಇಬ್ಬರೂ ಒಂದೇ ವಯಸ್ಸಿನವರಾದರು. ಜನೀನ್ ತಂದುಕೊಟ್ಟ, ಮಾಂಸದ ಹೂರಣ ತುಂಬಿದ ಪಾಸ್ಟಿಗಳನ್ನು ತಲೆಕೆಳಗಾಗಿಟ್ಟ ಡ್ರಮ್ಮುಗಳ ಮೇಲೆ ಕೂತು ತಿಂದರು. “ಇದೇನು, ಹಾಕಿದ್ದನ್ನೇ ಕೀಳ್ತಾ ಇದೀರ?” ಎಂದು ಅವಳು ಕೇಳಿದಾಗ, “ನಿನ್ನ ಗಂಡ ಗುಂಡಿ ನೋಡದೆ ಹುಯ್ಸಿದ,” ಎಂದ ಕ್ಲೆಮ್. ಡೇಲ್ ಪಾಸ್ಟಿ ಅಗಿಯುತ್ತ ಹೌದೆಂದು ತಲೆಯಾಡಿಸಿದ. ಅವಳು ಹೋದ ಮೇಲೆ ಕ್ಲೆಮ್ ಅರ್ಧ ಪಾಸ್ಟಿಯನ್ನು ಕಾಗದದಲ್ಲಿ ಸುತ್ತಿ ಪಕ್ಕಕ್ಕಿಟ್ಟ.

ಸಂಜೆ ಐದಕ್ಕೆ ಚೌಕದ ಗುಂಡಿ ಸಿದ್ಧವಾಯಿತು. ಡೇಲ್ ನಾಲ್ಕೂ ಮೂಲೆಗೆ ಟೇಪು ಇಳಿಸಿ ನಾಲ್ಕು ಸಲ ಜೋರಾಗಿ ಓದಿದ. ಎಂಟು, ಎಂಟು, ಎಂಟೂ ಕಾಲು, ಎಂಟು. ಸೋಮವಾರ ಮತ್ತೆ ಹೊಯ್ಯಬೇಕು, ಮತ್ತೆ ಇಪ್ಪತ್ತೆಂಟು ದಿನ. ಬಿಯರಿನ ಪೆಟ್ಟಿಗೆಗೆ ಯಾರೂ ಕೈ ಹಾಕಲಿಲ್ಲ.

ಅವನು ಹಿಂದಿನ ಕಿಟಕಿಗಳನ್ನು ಮುಚ್ಚಿ ಬರುವಷ್ಟರಲ್ಲಿ ಕ್ಲೆಮ್ ಹೊರಗೆ ಹೋಗಿದ್ದ. ಬೆಂಚಿನ ಮೇಲೆ ಯೂಟಿನ ಕೀ ಇತ್ತು. ಡೇಲ್ ಅದನ್ನು ತೆಗೆದುಕೊಂಡು ಬಾಗಿಲಿಗೆ ಬಂದು ನಿಂತ. ಮುದುಕ ಯೂಟಿನ ಎಡಗಡೆಗೆ ಸುತ್ತಿ ಹೋಗಿ, ಅತ್ತ ಕಡೆಯ ಹಿಡಿಯನ್ನು ಒಮ್ಮೆ ಒತ್ತಿ, ಒಮ್ಮೆ ಎಳೆದು, ಬಾಗಿಲು ತೆರೆಯದೆ ನಿಂತಿದ್ದ. ಮೊದಲು ಮೇಲೆತ್ತಿ ಆಮೇಲೆ ಎಳೆಯಬೇಕು, ಅದು ಜನೀನ್‌ಗೆ ಗೊತ್ತಿತ್ತು, ಡೇಲ್‌ಗೆ ಗೊತ್ತಿತ್ತು. ಕ್ಲೆಮ್‌ಗೆ ಮಾತ್ರ ಆ ಬಾಗಿಲನ್ನು ಹೊರಗಿನಿಂದ ತೆರೆಯುವ ಕೆಲಸ ಬಿದ್ದಿರಲಿಲ್ಲ. ಡೇಲ್ ಹೋಗಿ ತೆರೆದುಕೊಟ್ಟ. ಕ್ಲೆಮ್ ಒಳಗೆ ಕೂತು ಎರಡೂ ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡ.

ಡೇಲ್ ಸುತ್ತಿ ಬಂದು ಸ್ಟೇರಿಂಗಿನ ಹಿಂದೆ ತೂರಿಕೊಂಡ. ಸೀಟು ಎಷ್ಟು ಮುಂದಕ್ಕೆ ಸರಿದಿತ್ತೆಂದರೆ ಎದೆ ಚಕ್ರಕ್ಕೆ ತಾಗಿತು, ಮಂಡಿಗಳು ಮುಂದಿನ ತಗಡಿಗೆ ಒತ್ತಿಕೊಂಡವು, ಮುಖ ಗಾಜಿಗೆ ಒಂದು ಗೇಣು ದೂರದಲ್ಲಿತ್ತು. ಸೀಟನ್ನು ಹಿಂದಕ್ಕೆ ಸರಿಸುವ ಹಿಡಿ ಕೆಳಗೆ ಕೈಗೆ ಸಿಕ್ಕಿತು. ಒಂದು ಸಲ ಪಕ್ಕಕ್ಕೆ ನೋಡಿ, ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಹಾಗೇ ಮಂಡಿ ಮಡಚಿಕೊಂಡು, ಗಾಡಿಯನ್ನು ನಿಧಾನವಾಗಿ ಗೇಟಿನಿಂದ ಹೊರಗೆ ತೆಗೆದ.